ನಮ್ಮವರ ಎಡಗಣ್ಣು

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವಷ್ಟರಲ್ಲಿ ನಡುಮನೆಗೆ ಹೋಗಿ ನಮ್ಮವರ ಫೋಟೋ ಒರೆಸಿ ಬರುವುದು ಈ ಒಂದು ವರ್ಷದಿಂದ ನನ್ನ ಅಭ್ಯಾಸ. ಕಲ್ಪೆಟ್ಟದ ಮಂಜಿಗೆ ಕಿಟಕಿ ಬಾಗಿಲುಗಳ ಲೆಕ್ಕವಿಲ್ಲ. ಬೆಳಗಾಗುವ ಹೊತ್ತಿಗೆ ಫೋಟೋದ ಗಾಜು ಸಣ್ಣಗೆ ಬೆವತಿರುತ್ತದೆ. ಸೆರಗಿನ ತುದಿಯಿಂದ ಮೊದಲು ಹಣೆ, ಆಮೇಲೆ ಕಣ್ಣು, ಕೊನೆಗೆ ಗದ್ದ ಒರೆಸಿ ಓಡಿ ಬಂದರೆ ಹಾಲು ಆಗಷ್ಟೇ ತಲೆಯೆತ್ತುತ್ತಿರುತ್ತದೆ. ನನಗೂ ಹಾಲಿಗೂ ಈ ಒಪ್ಪಂದ ಚೆನ್ನಾಗಿಯೇ ಒಗ್ಗಿತ್ತು. ಮೊನ್ನೆ ಶನಿವಾರ ಮಾತ್ರ ಹಾಲು ಉಕ್ಕಿ, ಒಲೆ ಆರಿ, ವಾಸನೆ ನಡುಮನೆಯವರೆಗೂ ಬಂದು ನನ್ನನ್ನು ಕರೆಯಬೇಕಾಯಿತು. ನಾನು ಕಣ್ಣಿನ ಹತ್ತಿರವೇ ನಿಂತುಬಿಟ್ಟಿದ್ದೆ.

ವಿಷಯ ಇಷ್ಟೆ. ಆ ಫೋಟೋದಲ್ಲಿ ನಮ್ಮವರ ಎರಡು ಕಣ್ಣೂ ಸಮನಾಗಿವೆ.

ಅವರ ಕಣ್ಣು ಸಮನಾಗಿರಲಿಲ್ಲ. ಹದಿನಾರನೆಯ ವಯಸ್ಸಿನಿಂದ ಕ್ಯಾಮರಾಕ್ಕೆ ಬಲಗಣ್ಣು ಒತ್ತಿ ಎಡಗಣ್ಣು ಮುಚ್ಚಿ ಬದುಕಿದವರು. ಹಾಗೆ ಮುಚ್ಚಿ ಮುಚ್ಚಿ ಎಡಗಣ್ಣಿನ ರೆಪ್ಪೆ ಕ್ಯಾಮರಾ ಕೈಯಲ್ಲಿಲ್ಲದಾಗಲೂ ಅರ್ಧಕ್ಕೇ ನಿಲ್ಲುವುದನ್ನು ಕಲಿತುಬಿಟ್ಟಿತ್ತು. ಪಲ್ಯಕ್ಕೆ ಉಪ್ಪು ಸಾಲದು ಎನ್ನುವಾಗಲೂ ಅವರು ನನ್ನ ಫೋಟೋ ತೆಗೆಯಲು ಹೊರಟಂತೆಯೇ ಕಾಣುತ್ತಿತ್ತು. ಹೆಣ್ಣು ನೋಡಲು ಮೈಸೂರಿನ ನಮ್ಮ ಮನೆಗೆ ಬಂದ ದಿನ ನಾನು ಕಾಫಿ ತಟ್ಟೆ ಹಿಡಿದುಕೊಂಡು ಬಂದವಳು ಒಮ್ಮೆ ತಲೆಯೆತ್ತಿ, ತಕ್ಷಣ ಒಳಗೆ ಹೋಗಿ, "ಹುಡುಗ ಕಣ್ಣು ಹೊಡೆದ" ಎಂದು ಅಮ್ಮನಿಗೆ ದೂರು ಕೊಟ್ಟಿದ್ದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಬಸ್ ಸ್ಟಾಪಿನಲ್ಲಿ ಕಣ್ಣು ಹೊಡೆಯುವವರನ್ನು ಕಂಡರೆ ಏನು ಮಾಡಬೇಕೆಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಕಣ್ಣು ಹೊಡೆಯುವವನು ತಂದೆ ತಾಯಿಯ ಜತೆ ಬಂದು ಚಾಪೆಯ ಮೇಲೆ ಕೂತಿದ್ದರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ. ಅಮ್ಮ ಬಾಗಿಲ ಸಂದಿಯಿಂದ ಇಣುಕಿ ನೋಡಿ, "ಅದು ಅವರ ಕಸುಬು ಕಣೇ" ಎಂದಳು. ಹಾಗೆ ನನ್ನ ಮದುವೆಯಾಯಿತು.

ಈ ಕಣ್ಣನ್ನು ಸರಿ ಮಾಡಿದವರು ಬೇರೆ ಯಾರೂ ಅಲ್ಲ, ಅವರೇ. ಟಚಿಂಗ್ ಎನ್ನುವುದು ಅವರ ಮಟ್ಟಿಗೆ ಸಂಧ್ಯಾವಂದನೆಯಂಥ ಕೆಲಸ. ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಮೊಡವೆ, ಸುಕ್ಕು, ಸಿಡುಬಿನ ಗುಳಿಗಳನ್ನೆಲ್ಲ ತುಂಬುತ್ತಿದ್ದರು. ಕಣ್ಣು ಮಿಟುಕಿಸಿದವರಿಗೆ ಪ್ರಿಂಟಿನ ಮೇಲೆ ಕುಂಚದಿಂದ ಕಣ್ಣು ತೆರೆಯುತ್ತಿದ್ದರು. ವಯನಾಡು ಹೊಸದಾಗಿ ಜಿಲ್ಲೆಯಾದಾಗ ಕಲ್ಪೆಟ್ಟದಲ್ಲಿ ಬಾಡಿಗೆ ಮನೆಗಳಿಗೆಲ್ಲ ಕಚೇರಿಯ ಬೋರ್ಡು ಬಂತು. ಕಚೇರಿ ಎಂದರೆ ಅರ್ಜಿ, ಅರ್ಜಿ ಎಂದರೆ ಫೋಟೋ. ಹುಟ್ಟಿದ ಮೇಲೆ ಒಮ್ಮೆಯೂ ಕ್ಯಾಮರಾದ ಮುಂದೆ ಕೂರದವರು ಕಾಫಿ ತೋಟಗಳಿಂದ, ಗದ್ದೆಗಳಿಂದ ಬಸ್ಸು ಹತ್ತಿ ಬಂದು ನಮ್ಮ ಸ್ಟುಡಿಯೋದ ಬೆಂಚಿನ ಮೇಲೆ ಸಾಲಾಗಿ ಕೂತರು. "ಜಿಲ್ಲೆಗೆ ಮುಖ ಬರೆಯುವ ಕೆಲಸ ನನ್ನ ಮೇಲೆ ಬಿದ್ದಿದೆ" ಎಂದು ನಮ್ಮವರು ಬೀಗುತ್ತಿದ್ದರು. ಒಂದು ದಿನ ಯಾವುದೋ ಕಚೇರಿಯ ಗುಮಾಸ್ತರೊಬ್ಬರು ಸ್ಟುಡಿಯೋಗೇ ಬಂದು, "ಎಲ್ಲ ಸರಿ ಸ್ವಾಮಿ, ನಿಮ್ಮ ಫೋಟೋ ಪ್ರಕಾರ ಈ ಜಿಲ್ಲೆಯಲ್ಲಿ ಒಬ್ಬರಿಗೂ ಸಿಡುಬು ಬಂದಿಲ್ಲ. ಅರ್ಜಿ ಹಾಕಿದವರು ಎದುರಿಗೆ ಬಂದರೆ ಗುರುತು ಹಿಡಿಯೋದು ಹೇಗೆ?" ಎಂದು ಕೇಳಿ ಹೋದರಂತೆ. ನಮ್ಮವರು ಅದನ್ನು ಪ್ರಶಸ್ತಿಯೆಂದೇ ತಿಳಿದು ಮನೆಗೆ ಬರುವಾಗ ಹಲ್ವ ತಂದಿದ್ದರು.

ಹೊಸ ಪರದೆ ಬಂದರೆ, ಹೊಸ ದೀಪ ಬಂದರೆ ಮೊದಲು ತಾವೇ ಎದುರಿಗೆ ಕೂತು, ಟೈಮರ್ ಇಟ್ಟು ಪರೀಕ್ಷೆ ಮಾಡುವುದು ಅವರ ಕ್ರಮ. ಆಮೇಲೆ ಆ ಚಿತ್ರದ ಮೇಲೆಯೇ ಟಚಿಂಗಿನ ಅಭ್ಯಾಸ. ಹಾಗಾಗಿ ನಮ್ಮಲ್ಲಿ ಅವರ ಫೋಟೋಕ್ಕೆ ಬರವಿಲ್ಲ. ಹುಣ್ಣಿಮೆಯ ಪರದೆಯ ಮುಂದೆ, ಮೆಟ್ಟಿಲಿನ ಪರದೆಯ ಮುಂದೆ, ಒಂದರಲ್ಲಿ ಟೈ ಕೂಡ ಕಟ್ಟಿಕೊಂಡು, ಎಲ್ಲದರಲ್ಲೂ ಕಣ್ಣುಗಳು ತಕ್ಕಡಿಯಲ್ಲಿ ತೂಗಿದಂತೆ ಸಮ. ಶಿಲ್ಪಿಗಳು ವಿಗ್ರಹದ ಮೈಯೆಲ್ಲ ಕಡೆದಾದ ಮೇಲೆ ಕೊನೆಗೆ ಕಣ್ಣು ತೆರೆಯುತ್ತಾರಂತೆ, ಅದಕ್ಕೆ ಚಿನ್ನದ ಸೂಜಿ, ಮುಹೂರ್ತ, ಮಂತ್ರ ಎಲ್ಲ ಬೇಕಂತೆ. ಅಲ್ಲಿಯವರೆಗೆ ಅದು ಬರೀ ಕಲ್ಲು, ಕಣ್ಣು ಬಂದ ಮೇಲೆ ದೇವರು. ನಾನು ಇದನ್ನು ಹೇಳಿದಾಗ ನಮ್ಮವರಿಗೆ ಬಹಳ ಹಿಡಿಸಿತ್ತು. ಈಗ ಯೋಚಿಸಿದರೆ ನಮ್ಮ ಮನೆಯಲ್ಲಿ ಅದು ತಿರುವುಮುರುವಾಯಿತು ಅನ್ನಿಸುತ್ತದೆ. ಕಣ್ಣು ಪೂರ್ತಿ ತೆರೆದ ಮೇಲೆ ಅವರು ನಮ್ಮವರಾಗಿ ಉಳಿಯಲಿಲ್ಲ.

ಸಮ ಎನ್ನುವುದರ ಹುಚ್ಚು ಅವರಿಗೆ ಸ್ಟುಡಿಯೋದಲ್ಲಿ ಮಾತ್ರ ಇದ್ದದ್ದಲ್ಲ. ನಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕುವ ಕೆಲಸವನ್ನು ಹಿರಿಯವಳಿಗೆ ಕೂದಲು ಬೆಳೆದ ಕೂಡಲೇ ನನ್ನ ಕೈಯಿಂದ ಕಿತ್ತುಕೊಂಡರು. ನಾನು ಹಾಕಿದರೆ ಒಂದು ಜಡೆ ಮೇಲೆ, ಒಂದು ಕೆಳಗೆ ಎಂದು ಅವರ ದೂರು. ಊಟಕ್ಕೆ ಕೂತಾಗ ಮಗಳು ಮುನಿಸಿಕೊಂಡು ಮುಖ ಎತ್ತಿದರೆ, "ಗದ್ದ ಸ್ವಲ್ಪ ಕೆಳಗೆ, ಹಾಂ, ಸಾಕು" ಎನ್ನುವರು, ಅವಳು ನಕ್ಕುಬಿಡುವಳು. ಸಂಜೆ ಮನೆಗೆ ಬಂದವರೇ ಕೈಯಿಂದ ಫೋಟೋ ತೊಳೆಯುವ ಔಷಧಿ ನೀರಿನ ವಾಸನೆ ಹೋಗುವಂತೆ ಸೋಪು ಹಚ್ಚಿ ತೊಳೆದು, ಬನಿಯನ್ನಿನಲ್ಲಿ ಅಡುಗೆಮನೆಗೆ ಬಂದು, ನನಗೆ ತೆಂಗಿನಕಾಯಿ ತುರಿದುಕೊಡುತ್ತಿದ್ದರು. ನನ್ನ ಅಪ್ಪ ಅಡುಗೆಮನೆಯ ಹೊಸಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ. ಮೊದಮೊದಲು ನನಗೇ ನಾಚಿಕೆಯಾಗಿ, ಯಾರಾದರೂ ಬಂದಾರೆಂದು ಹಿತ್ತಲ ಬಾಗಿಲು ಮುಚ್ಚುತ್ತಿದ್ದೆ.

ಹೋದ ವರ್ಷ ಎದೆನೋವೆಂದು ಮಲಗಿದವರು ಏಳಲಿಲ್ಲ.

ಈಗ ವರ್ಷಾಬ್ದಿಕ ಹತ್ತಿರ ಬಂದಿದೆ. ಕಲ್ಲೂರಿನಲ್ಲಿರುವ ಮೈದುನ ಅಣ್ಣನ ದೊಡ್ಡ ಫೋಟೋ ಮಾಡಿಸಿ, ಕಟ್ಟು ಹಾಕಿಸಿ ತರುತ್ತೇನೆ ಎಂದು ಹೇಳಿ, ಗೋಡೆಯಲ್ಲಿರುವ ಟೈ ಕಟ್ಟಿಕೊಂಡದ್ದನ್ನೇ ಆರಿಸಿಟ್ಟಿದ್ದಾನೆ. ಮೂರನೆಯ ಕ್ಲಾಸಿನ ಚಿಕ್ಕವಳು ಚಿನ್ನು ಶಾಲೆಗೆಂದು 'ನಮ್ಮ ಮನೆ' ಚಿತ್ರ ಬರೆಯುತ್ತಿದ್ದಳು. ಅಪ್ಪನಿಗೆ ಗೋಲಿಯಂಥ ಎರಡು ಕಣ್ಣು ಇಟ್ಟಳು. "ಅಪ್ಪನ ಒಂದು ಕಣ್ಣು ಚಿಕ್ಕದಲ್ವೇನೇ?" ಎಂದೆ. ಅವಳು ಪೆನ್ಸಿಲ್ ಹಿಡಿದುಕೊಂಡೇ ಎದ್ದು ಹೋಗಿ, ಗೋಡೆಯ ಫೋಟೋ ನೋಡಿ ಬಂದು, "ಇಲ್ವಲ್ಲಮ್ಮ, ನೀನೇ ನೋಡು" ಎಂದಳು. ನನಗೆ ತಡೆಯಲಾಗದೆ ಹೋಗಿ ನೋಡಿದೆ. ಅವಳು ಹೇಳಿದ್ದು ಸರಿ. ಅದಕ್ಕಿಂತ ಹೆದರಿಕೆಯಾದದ್ದು ಆ ರಾತ್ರಿ. ಕಣ್ಣು ಮುಚ್ಚಿ ಅವರ ಮುಖ ನೆನೆಸಿಕೊಂಡರೆ ನನಗೂ ಟೈ ಕಟ್ಟಿದವರೇ ಬಂದರು. ಇನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರೆ ಮನೆಯಲ್ಲಿ ಉಳಿಯುವುದು ಆ ಮುಖವೊಂದೇ. ಆ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಬಟ್ಟೆ ಒಣಗುವ ಮೊದಲೇ ಮಡಚಿದೆ.

ಟಚಿಂಗ್ ಇಲ್ಲದ ಒಂದು ಫೋಟೋ ಇತ್ತು. ಇತ್ತು ಅನ್ನುವುದು ನನಗೂ ಹಿರಿಯ ಮಗಳು ಶಾಂತಿಗೂ ಗೊತ್ತು. ಅದು ಎಲ್ಲಿ ಹೋಯಿತೆಂಬುದು ಗೊತ್ತಿರಲಿಲ್ಲ.

ಅದರ ಕಥೆ ಹೀಗೆ. ಮದುವೆಮನೆಯಿಂದ ಬರುವಾಗ ರೋಲಿನಲ್ಲಿ ಕೊನೆಯ ಒಂದೆರಡು ಚಿತ್ರಕ್ಕೆ ಜಾಗ ಉಳಿದಿರುತ್ತಿತ್ತು. ವ್ಯರ್ಥವಾಗಬಾರದೆಂದು ಅದನ್ನು ಮನೆಯಲ್ಲಿ ಮುಗಿಸುತ್ತಿದ್ದರು. ನಮ್ಮ ಸಂಸಾರದ ಚಿತ್ರಗಳೆಲ್ಲ ಹೀಗೆ ಬೇರೆಯವರ ಮದುವೆಯ ಬಾಲಗಳು. ಎಲ್ಲದರಲ್ಲೂ ನನ್ನ ಕೈಯಲ್ಲಿ ಸೌಟು, ಮಕ್ಕಳ ಕಣ್ಣಲ್ಲಿ ನಿದ್ದೆ. ಅವರು ಮಾತ್ರ ಯಾವುದರಲ್ಲೂ ಇಲ್ಲ, ಕ್ಯಾಮರಾದ ಹಿಂದೆ ಇದ್ದರಲ್ಲ. ಒಂದು ಸಂಜೆ ಆಗಿನ್ನೂ ಪುಟ್ಟವಳಾಗಿದ್ದ ಶಾಂತಿ ತಾನೇ ತೆಗೆಯಬೇಕೆಂದು ಹಟ ಹಿಡಿದಳು. ಎಲ್ಲ ಹೊಂದಿಸಿ ಅವಳ ಕೈಗೆ ಕೊಟ್ಟು, ತೆಂಗಿನಕಾಯಿ ಹಿಡಿದು ತುರಿಯುವ ಮಣೆಯ ಮೇಲೆ ಕೂತರು. ಅವಳು ಒತ್ತಿದಳು. ಆಮೇಲೆ ಎಷ್ಟು ಸಲ ಕೇಳಿದರೂ, "ಎಲ್ಲೋ ಸೇರಿಹೋಗಿದೆ ಮಗಳೇ, ಸಿಗುತ್ತೆ" ಎನ್ನುತ್ತಿದ್ದರು. ಪ್ರಿಂಟೂ ಸಿಗಲಿಲ್ಲ, ನೆಗೆಟಿವೂ ಸಿಗಲಿಲ್ಲ.

ಆ ಶನಿವಾರಕ್ಕೆ ಕೆಲವು ದಿನ ಮೊದಲು ಕಲ್ಪೆಟ್ಟದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನೇರ ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕೈಯಲ್ಲಿ ತರಕಾರಿ ಚೀಲ ಹಿಡಿದವಳು ನಾನು ಹಿಂದೆ ಸರಿದರೆ ಬಸ್ಸು, ಮುಂದೆ ಸರಿದರೆ ಅವಳು.

"ನಮ್ಮ ಯಜಮಾನರ ಕಡೆಯ ದೊಡ್ಡಮ್ಮ ಅಲ್ವಾ ನೀವು? ವೆಳ್ಳಮುಂಡಕ್ಕೆ ಒಂದು ದಿನಾನೂ ಬರ್ಲೇ ಇಲ್ಲ."

"ಇಲ್ಲಮ್ಮ. ನಾನು ಇಲ್ಲಿ ಸ್ಟುಡಿಯೋ ಇಟ್ಟಿದ್ದರಲ್ಲ, ಅವರ ಮನೆಯವಳು."

ಅವಳು ನನ್ನ ಮುಖವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿದಳು. "ಆಲ್ಬಮಿನ ಕೊನೇಲಿ ಇರೋರು ನೀವೇ. ಸೌಟು ಹಿಡ್ಕೊಂಡು. ಹಂಗಾದ್ರೆ ಆ ತೆಂಗಿನಕಾಯಿ ತುರಿಯೋರು ಯಾರು?"

ರೋಲಿನ ಕೊನೆಯ ಆ ಚಿತ್ರ ಮದುವೆಯ ಪ್ರಿಂಟುಗಳ ಜತೆ ಸೇರಿ ಅವರ ಆಲ್ಬಮಿಗೆ ಅಂಟಿಹೋಗಿತ್ತು. ಆ ರಾತ್ರಿ ನಾನೂ ಶಾಂತಿಯೂ ನಿದ್ದೆ ಮಾಡಲಿಲ್ಲ.

ಶನಿವಾರ ಹಾಲು ಉಕ್ಕಿದ್ದು ಆ ಕಾರಣಕ್ಕೆ. ಅಂದು ನಾವು ವೆಳ್ಳಮುಂಡಕ್ಕೆ ಹೊರಟಿದ್ದೆವು. ನಾನು ಸೀರೆ ಉಟ್ಟು ಬಿಚ್ಚಿ ಮತ್ತೊಂದು ಉಟ್ಟೆ. ಇನ್ನೊಬ್ಬರ ಮದುವೆಯ ಆಲ್ಬಮಿನಿಂದ ಒಂದು ಫೋಟೋ ಕಿತ್ತುಕೊಡಿ ಎಂದು ಕೇಳಲು ಹೋಗುವಾಗ ಯಾವ ಬಣ್ಣ ಉಡಬೇಕು? ಶಾಂತಿಗೆ ಈಗ ನನ್ನನ್ನು ತಿದ್ದುವ ವಯಸ್ಸು. "ಅಮ್ಮ, ನಾವು ಕಳ್ಳತನಕ್ಕೆ ಹೋಗ್ತಿಲ್ಲ, ನಡಿ" ಎಂದಳು. ಚಿನ್ನುವನ್ನು ಪಕ್ಕದ ಮನೆಯ ಪುಟ್ಟತಾಯಮ್ಮನ ಹತ್ತಿರ ಬಿಟ್ಟು ಬಸ್ಸು ಹತ್ತಿದೆವು. ಕಿಟಕಿಯಾಚೆ ಗದ್ದೆ, ಕಾಫಿ, ಮತ್ತೆ ಗದ್ದೆ. ಹೇಗೆ ಕೇಳಬೇಕೆಂದು ನಾನು ಕನ್ನಡದಲ್ಲೊಮ್ಮೆ ಮಲಯಾಳದಲ್ಲೊಮ್ಮೆ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ. ಕಾನ್ವೆಂಟಿನಲ್ಲಿ ಕಲಿತ ವಿನಯದ ಮಾತುಗಳೆಲ್ಲ ಇಂಗ್ಲಿಷಿನಲ್ಲಿದ್ದು, ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ.

ಅವರದು ಹಿಂದೆ ಯಾವಾಗಲೋ ಕರ್ನಾಟಕದ ಕಡೆಯಿಂದ ಬಂದು ನೆಲೆಸಿದ ರೈತ ಕುಟುಂಬ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ ವಾಸಂತಿ ಆ ಮನೆಯ ಸೊಸೆ. ಅವಳ ಅತ್ತೆ, ಹಲ್ಲಿಲ್ಲದ ಅಜ್ಜಿ, ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದರು.

"ಬಾ ಮೋಳೆ, ಕೂತ್ಕೋ. ಚಾಯ ಕುಡಿ ಮೊದ್ಲು" ಎಂದು, ಮಲಯಾಳದ ಬಾಯಲ್ಲಿ ಮಗಳೇ ಎನ್ನುತ್ತ, ಅಜ್ಜಿ ನನ್ನ ಕೈ ಹಿಡಿದು ಜಗಲಿಯಲ್ಲಿ ಕೂರಿಸಿಕೊಂಡರು. "ಇವಳು ಬಂದು ಹೇಳಿದ ಮೇಲೆ ನಂಗೆ ನಗು. ಇಷ್ಟು ವರ್ಷ ನೀವು ಇವಳ ಕಡೆಯವರು ಅಂತಲೇ ಇದ್ದೆ ನಾನು. ಹೆಣ್ಣಿನ ಕಡೆಯೋರು ಕಲ್ಯಾಣದ ಪಡಕ್ಕೆ, ಅದೇ ಫೋಟೋಕ್ಕೆ, ಬನಿಯನ್ ಹಾಕ್ಕೊಂಡು ಕೂತವ್ರಲ್ಲ ಅಂತ ಮನಸ್ಸಲ್ಲಿ ಇತ್ತು. ಕೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ಬಿಟ್ಟೆ."

"ನಾನೂ ಹಂಗೇ ಬಿಟ್ಟೆ" ಎಂದಳು ವಾಸಂತಿ ಚಹಾ ತರುತ್ತ. "ಅತ್ತೆ ಕಡೆಯೋರು ಬಡವರು ಇರ್ಬೋದು, ಮದುವೆ ದಿನ ಅಡುಗೆಮನೇಲೇ ಇದ್ದು ಕೆಲಸ ಮಾಡಿದಾರೆ ಪಾಪ ಅಂತ."

"ಬಡವರಾದ್ರೂ ಪರವಾಗಿಲ್ಲ, ನಿನ್ನ ಗಂಡ ಒಂದು ತೆಂಗಿನಕಾಯಿ ತುರಿದುಕೊಟ್ಟವ್ನಾ?" ಎಂದು ಅಜ್ಜಿ ಸೊಸೆಯನ್ನೇ ಕೇಳಿದರು.

"ನಿಮ್ಮ ಮಗ. ನೀವು ಕಲಿಸ್ಬೇಕಿತ್ತು."

ನಾನು ನಗಬೇಕೋ ಬೇಡವೋ ತಿಳಿಯದೆ ಚಹಾ ಕುಡಿದೆ. ಆಲ್ಬಮ್ ಬಂತು. ಅಜ್ಜಿ ಅದನ್ನು ಮೊದಲ ಹಾಳೆಯಿಂದಲೇ ತೋರಿಸಿದರು. ಧಾರೆ, ಊಟದ ಪಂಕ್ತಿ, ಇನ್ನೊಂದು ಊಟದ ಪಂಕ್ತಿ. ಶಾಂತಿ ನನ್ನ ಮೊಣಕೈ ಹಿಂಡುತ್ತಲೇ ಇದ್ದಳು. ಕೊನೆಯ ಹಾಳೆ ಮಗುಚಿದಾಗ ನಾನು ಮೊದಲು ನೋಡಿದ್ದು ನನ್ನ ಹಳೆಯ ಹಿತ್ತಾಳೆ ಸೌಟನ್ನು. ನೇರ ಅವರನ್ನು ನೋಡಲು ಧೈರ್ಯ ಬರಲಿಲ್ಲ. ಸ್ವಲ್ಪ ಓರೆಯಾಗಿ ಬಂದ ಚಿತ್ರ, ಒಲೆಯ ಒಂದು ಕಡೆ ಕತ್ತರಿಸಿಹೋಗಿದೆ. ಮಣೆಯ ಮೇಲೆ ಅವರು, ಮೊಣಕಾಲಿನ ಮೇಲೆ ಕಾಯಿಯ ಚೂರುಗಳು, ಮಗಳ ಕಡೆ ನೋಡಿ ನಗುತ್ತಿದ್ದಾರೆ. ಎಡಗಣ್ಣು ಅರ್ಧ ಮುಚ್ಚಿದೆ.

ಶಾಂತಿ, "ಅಮ್ಮ" ಎಂದಳು.

ಕೇಳಬೇಕೆಂದು ಒಪ್ಪಿಸಿಕೊಂಡಿದ್ದ ಪಾಠವೆಲ್ಲ ಮರೆತುಹೋಗಿತ್ತು. ಕೇಳುವ ಕೆಲಸವೂ ಬೀಳಲಿಲ್ಲ. "ನಿನ್ನದಲ್ವಾ, ತಗೋ" ಎಂದು ಅಜ್ಜಿ ಫೋಟೋದ ಅಂಚಿಗೆ ಉಗುರು ಹಾಕಿದರು. ಬರಲಿಲ್ಲ. ವಾಸಂತಿ ಚಾಕು ತಂದಳು. ಬರಲಿಲ್ಲ. ಆಲ್ಬಮಿಗೆ ಹಚ್ಚುವ ಅಂಟು ನಮ್ಮ ಮನೆಯ ಒಲೆಯ ಮೇಲೇ ಕಾಯುತ್ತಿತ್ತು. ಮೈದಾ ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿ, ಗಂಟಿಲ್ಲದಂತೆ ತಿರುವುವುದು ನನ್ನ ಕೆಲಸ. ನನ್ನ ಪಾಯಸವನ್ನು ಯಾರೂ ಹೊಗಳಿದವರಲ್ಲ. ನನ್ನ ಅಂಟನ್ನು ನಮ್ಮವರು ಬಂದವರೆದುರಿಗೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆ ಸುಳ್ಳಲ್ಲವೆಂದು ಆವತ್ತು ತಿಳಿಯಿತು.

"ಹಾಳೆಯನ್ನೇ ಕತ್ತರಿಸಿ ಕೊಡೋಣ ಅತ್ತೆ" ಎಂದಳು ವಾಸಂತಿ. ಹಾಳೆ ಮಗುಚಿದಳು. ಮಗುಚಿದವಳು ಚಾಕು ಕೆಳಗಿಟ್ಟಳು. ಹಿಂಬದಿಯಲ್ಲಿ ಅವಳ ಮಾವ, ಅಜ್ಜಿಯ ಗಂಡ, ಪೇಟ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮದುವೆಯಾದ ಮಳೆಗಾಲದಲ್ಲೇ ಅವರು ತೀರಿಕೊಂಡಿದ್ದರಂತೆ. ನಮ್ಮವರ ಕೆಲಸವೇ ಅದು, ನೋಡಿದರೆ ಗೊತ್ತಾಗುತ್ತಿತ್ತು. ಮುಖ ಬೆಣ್ಣೆಯಂತೆ ನುಣುಪು. ಮೂಗಿನ ಮೇಲೆ ಮಾತ್ರ ಒಂದು ಕಪ್ಪು ಚುಕ್ಕೆ. ನಾನು ಕೊಳೆಯೆಂದುಕೊಂಡು ಸೆರಗು ಎತ್ತಿದೆ.

"ಒರೆಸ್ಬೇಡ ಮೋಳೆ" ಎಂದು ಅಜ್ಜಿ ನನ್ನ ಕೈ ತಡೆದರು. "ಅವರಿಗೆ ಅಲ್ಲಿ ಒಂದು ನರಹುಲಿ ಇತ್ತು. ನಿನ್ನ ಗಂಡ ತೆಗೆದುಬಿಟ್ಟಿದ್ದ. ಪಡ ಒಳ್ಳೇದು ಬಂದಿತ್ತು, ಎಲ್ಲರೂ ಹೇಳಿದ್ರು. ಆದ್ರೆ ನಂಗೆ ಯಾರೋ ತಹಶೀಲ್ದಾರ್ ಬಂದು ಕೂತ ಹಂಗೆ ಕಾಣೋದು. ಅದಕ್ಕೆ ಕಾಡಿಗೆ ಇಟ್ಟೆ. ಅಳಿಸಿದಾಗೆಲ್ಲ ಮತ್ತೆ ಇಡ್ತೀನಿ."

ಅವರ ದನಿಯಲ್ಲಿ ದೂರು ಇರಲಿಲ್ಲ, ದೀಪಕ್ಕೆ ಎಣ್ಣೆ ಹಾಕುವ ಸಂಗತಿ ಹೇಳಿದ ಹಾಗಿತ್ತು. ನಾನು ಏನು ಹೇಳಲಿ? ನಮ್ಮವರ ಪರವಾಗಿ ಕ್ಷಮೆ ಕೇಳಿದರೆ ಅವರ ಜೀವಮಾನದ ಕೆಲಸವನ್ನೇ ತಪ್ಪೆಂದಂತಾಗುತ್ತದೆ. ಕೇಳದಿದ್ದರೆ ಎದುರಿಗೆ ಆ ಚುಕ್ಕೆ. ಅಲ್ಲದೆ ನನಗೆ ಹೊಟ್ಟೆಕಿಚ್ಚೂ ಆಯಿತು. ನರಹುಲಿಯನ್ನು ಕಾಡಿಗೆಯಲ್ಲಿ ಇಡಬಹುದು. ಮುಚ್ಚಿಯೂ ಮುಚ್ಚದ ರೆಪ್ಪೆಯನ್ನು ಯಾವ ಕಾಡಿಗೆಯಲ್ಲಿ ಇಡುವುದು?

"ಹಾಳೆ ಬೇಡ ಅಜ್ಜಿ" ಎಂದೆ. "ಅವರು ನಿಮ್ಮ ಹತ್ತಿರವೇ ಇರಲಿ."

"ಇಬ್ಬರೂ ಬೆನ್ನಿಗೆ ಬೆನ್ನು ಹಾಕ್ಕೊಂಡು ಕೂತವ್ರೆ, ಬಿಡಿಸೋದು ಯಾಕೆ" ಎಂದು ಅಜ್ಜಿ ಆಲ್ಬಮನ್ನೇ ಒಂದು ತೋರ್ತುವಿನಲ್ಲಿ, ಅದೇ ಇಲ್ಲಿಯವರ ತೆಳ್ಳನೆಯ ಟವೆಲಿನಲ್ಲಿ, ಸುತ್ತಿ ನನ್ನ ಮಡಿಲಿಗಿಟ್ಟರು. "ಹಂಗೇ ತಗೊಂಡು ಹೋಗು. ಅದನ್ನ ನೋಡಿ ಇನ್ನೊಂದು ಪಡ ತೆಗೆಸ್ಕೋ. ಆಮೇಲೆ ತಂದ್ಕೊಡು, ಶೆರಿ? ಬರುವಾಗ ಚಿಕ್ಕೋಳ್ನೂ ಕರ್ಕೊಂಡು ಬಾ."

ಬಸ್ಸಿನಲ್ಲಿ ಆಲ್ಬಮನ್ನು ಮಗುವಿನಂತೆ ಅಪ್ಪಿಕೊಂಡು ಕೂತಿದ್ದೆ. ತಿರುವು ಬಂದಾಗಲೆಲ್ಲ ಎರಡು ಮನೆಯ ಗಂಡಸರು ಒಟ್ಟಿಗೆ ವಾಲುತ್ತಿದ್ದರು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಕಾಪಿ ತೆಗೆಸಬೇಕೆಂದರೆ ಇನ್ನೊಂದು ಸ್ಟುಡಿಯೋಗೆ ಕೊಡಬೇಕು. ಆ ಸ್ಟುಡಿಯೋದವರು ನಮ್ಮವರ ಮೇಲಿನ ಗೌರವಕ್ಕೆ, ಕೇಳದೆಯೇ, ಕಣ್ಣು ಸರಿ ಮಾಡಿ ಕೊಟ್ಟುಬಿಟ್ಟರೆ? "ನಾನು ಪಕ್ಕದಲ್ಲೇ ನಿಂತಿರ್ತೀನಿ ಬಿಡಮ್ಮ" ಎಂದಳು ಶಾಂತಿ. "ನಾನು ತೆಗೆದ ಫೋಟೋ ಅದು. ಯಾರಾದ್ರೂ ಕುಂಚ ಮುಟ್ಟಲಿ ನೋಡೋಣ." ಟಚಿಂಗ್ ಮಾಡುವವರ ಮಗಳ ಬಾಯಿಂದ ಆ ಮಾತು ಕೇಳಿ ಅವರು ಏನನ್ನುತ್ತಿದ್ದರೋ. ಬಹುಶಃ ಗದ್ದ ಸ್ವಲ್ಪ ಕೆಳಗೆ ಎನ್ನುತ್ತಿದ್ದರು. ಒಬ್ಬ ಮನುಷ್ಯ ಜೀವನವಿಡೀ ಊರವರನ್ನೆಲ್ಲ ಇದ್ದದ್ದಕ್ಕಿಂತ ಚೆನ್ನಾಗಿ ಕಾಣಿಸಲು ಕಣ್ಣು ಸವೆಸಿದ. ಅದು ಪ್ರೀತಿಯಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಬಿಟ್ಟುಹೋದವರನ್ನು ಹುಡುಕಲು ಹೊರಟರೆ ನಾವು ತಡಕಾಡುವುದು ಅವರು ಅಳಿಸಿದ ಜಾಗಗಳನ್ನೇ. ಇದನ್ನು ಅವರಿಗೆ ಹೇಳುವ ಸಂದರ್ಭ ಅವರು ಇದ್ದಾಗ ಬರಲಿಲ್ಲ, ಬಂದಿದ್ದರೂ ನನಗೆ ಹೊಳೆಯುತ್ತಿರಲಿಲ್ಲ.

ಮನೆ ಮುಟ್ಟಿದಾಗ ಸಂಜೆ. ಆಲ್ಬಮನ್ನು ನಡುಮನೆಯ ಚಾಪೆಯ ಮೇಲೆ ಬಿಚ್ಚಿದೆವು. ಚಿನ್ನು ಪಕ್ಕದ ಮನೆಯಿಂದ ಓಡಿ ಬಂದು, ಮೊಣಕಾಲೂರಿ, ಮೂಗು ತಾಗುವಷ್ಟು ಬಗ್ಗಿ ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ತನ್ನ ಎಡಗಣ್ಣನ್ನು ಅರ್ಧ ಮುಚ್ಚಲು ನೋಡಿದಳು. ಎರಡೂ ಮುಚ್ಚಿಕೊಂಡವು. ಬೆರಳಿನಿಂದ ಒಂದನ್ನು ಹಿಡಿದು ಮತ್ತೆ ಪ್ರಯತ್ನ ಮಾಡಿದಳು.

ಅವಳ ಹಿಂದೆಯೇ ಬಂದ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತಿದ್ದರು. ಗುಂಡ್ಲುಪೇಟೆಯ ಕಡೆಯಿಂದ ಬಂದು ಇಲ್ಲಿ ಬೆಲ್ಲದಂಗಡಿ ಇಟ್ಟವರ ಮನೆಯಾಕೆ. ಮಕ್ಕಳು ಹುಟ್ಟುವ ಮೊದಲಿನಿಂದಲೂ ನಮ್ಮ ಬೇಲಿಯ ಆಚೆ ಇದ್ದವರು. ಒಂದು ಕೈಯಲ್ಲಿ ಚಿನ್ನುವಿನ ಸ್ವೆಟರ್ ಹಿಡಿದು, ನಮ್ಮ ತಲೆಗಳ ಮೇಲಿಂದ ಬಗ್ಗಿ ಫೋಟೋ ನೋಡಿದರು.

"ಇದೇನವ್ವ, ಅಡ್ಗೆಮನೆ ಒಳಗೂ ಕಣ್ಣು ಹಿಂಗೇ ಅದಲ್ಲ" ಎಂದರು. "ದಿನಾ ಬೆಳಿಗ್ಗೆ ಜಗ್ಲಿ ಮೇಲೆ ಕುಂತು ನಮ್ಮ ಕಡೆ ಮುಖ ಮಾಡ್ಕಂಡು ಮಕ್ಕಳಿಗೆ ಜಡೆ ಹಾಕೋರು. ಬಿಸ್ಲಿಗೆ ಕಣ್ಣು ಕಿರಿದು ಮಾಡ್ತಾರೆ ಅಂದ್ಕಂಡಿದ್ದೆ ಕಣವ್ವ, ಇಷ್ಟು ವರ್ಸನೂ." ಸ್ವೆಟರನ್ನು ಬಾಗಿಲ ಮೊಳೆಗೆ ಸಿಕ್ಕಿಸಿ, ಒಲೆಯ ಮೇಲೆ ಸಾರಿದೆಯೆಂದು ಹೊರಟುಹೋದರು.